ರಕ್ತವಾಂತಿಯಾದಾಗ ಮನೆಯವರು ತಿಳಿದಿರಬೇಕಾದದ್ದು

ತುರ್ತು ಚಿಕಿತ್ಸಾ ಘಟಕದ ಹೊರಗೆ ನಿಂತ ಮನೆಯವರು ಕೇಳುವ ಮಾತುಗಳು ಊರು ಯಾವುದಾದರೂ ಹೆಚ್ಚುಕಡಿಮೆ ಒಂದೇ. ‘ಎಷ್ಟು ಬಾಟಲಿ ರಕ್ತ ಬೇಕು ಹೇಳಿ, ತರ್ತೀವಿ.’ ‘ರಕ್ತ ನಿಲ್ಲೋ ಇಂಜೆಕ್ಷನ್ ಕೊಟ್ರಾ?’ ‘ಎಂಡೋಸ್ಕೋಪಿ ಈಗಲೇ ಯಾಕೆ ಮಾಡ್ತಿಲ್ಲ?’ ರಕ್ತ ಕಾರಿಕೊಂಡವರನ್ನು ಎತ್ತಿಕೊಂಡು ಬಂದವರ ಬಾಯಲ್ಲಿ ಈ ಮೂರೂ ಬರುವುದು ಸಹಜ. 2013ರಿಂದೀಚೆಗೆ ಈ ಮೂರನ್ನೂ ಸಂಶೋಧಕರು ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸಿಕ್ಕ ಉತ್ತರಗಳು ಮನೆಯವರ ಊಹೆಗೆ ಮಾತ್ರವಲ್ಲ, ಬಹಳ ಕಾಲ ವೈದ್ಯರೇ ನಂಬಿದ್ದಕ್ಕೂ ವಿರುದ್ಧವಾಗಿವೆ. ಅವನ್ನು ಮೊದಲೇ ತಿಳಿದಿದ್ದರೆ ಆ ಹೊತ್ತಿನ ಗಾಬರಿ ಒಂದಿಷ್ಟು ಇಳಿಯುತ್ತದೆ, ವೈದ್ಯರ ಜೊತೆಗಿನ ಮಾತೂ ಸರಿಯಾದ ದಾರಿ ಹಿಡಿಯುತ್ತದೆ.

ಬಾಯಿಂದ ಬರುವ ರಕ್ತದ ಮೂಲ ಸಾಮಾನ್ಯವಾಗಿ ಅನ್ನನಾಳ, ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗ. ಕಾರಣಗಳು ಹಲವಿದ್ದರೂ ಎರಡು ಮುಖ್ಯ. ಒಂದು, ಹುಣ್ಣು. ಖಾರ ತಿಂದದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂದು ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಒಳಪದರದಲ್ಲಿ ನೆಲೆಸುವ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಸೂಕ್ಷ್ಮಜೀವಿ ಬಹಳಷ್ಟು ಹುಣ್ಣುಗಳ ಹಿಂದಿದೆ ಎಂದು ರುಜುವಾಗಿ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿನ ಇನ್ನೊಂದು ದೊಡ್ಡ ಕಾರಣ ಮಂಡಿನೋವಿಗೆ, ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು.

ಎರಡನೆಯ ಮುಖ್ಯ ಕಾರಣ ಲಿವರ್‌ಗೆ ಸಂಬಂಧಿಸಿದ್ದು. ಕರುಳಿನಿಂದ ಹೊರಟ ರಕ್ತವೆಲ್ಲ ಪೋರ್ಟಲ್ ಎಂಬ ದೊಡ್ಡ ರಕ್ತನಾಳದ ಮೂಲಕ ಲಿವರ್ ಹೊಕ್ಕು ಹೊರಬರಬೇಕು. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್ ಇವೆಲ್ಲ ವರ್ಷಗಟ್ಟಲೆ ಸವೆಸಿ ಲಿವರನ್ನು ಗಂಟುಗಂಟಾದ ಗಟ್ಟಿ ಅಂಗವಾಗಿಸುತ್ತವೆ. ಇದೇ ಸಿರೋಸಿಸ್. ತೂಬು ಕಟ್ಟಿಕೊಂಡ ಕೆರೆ ಕೋಡಿ ಹರಿಯುವಂತೆ, ದಾರಿ ಸಿಗದ ರಕ್ತ ಅನ್ನನಾಳದ ಕೆಳತುದಿಯ ಸಣ್ಣ ಸಣ್ಣ ನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ವೆರಿಸಿಸ್ ಎಂಬ ಈ ಉಬ್ಬುನಾಳಗಳಿಗೆ ನೋವಿಲ್ಲ, ಹೊರಗಿನ ಗುರುತೂ ಇಲ್ಲ. ಒಡೆದಾಗಲೇ ಗೊತ್ತಾಗುತ್ತವೆ. ಆಧುನಿಕ ಚಿಕಿತ್ಸೆ ಸಿಕ್ಕರೂ ಹೀಗೆ ರಕ್ತಸ್ರಾವವಾದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಆರು ವಾರದೊಳಗೆ ತೀರಿಕೊಳ್ಳುತ್ತಾರೆ. ಹಾಗಾಗಿ ಪ್ರತಿ ಗಂಟೆಗೂ ಬೆಲೆಯಿದೆ.

ಮನೆಯಲ್ಲಿ ಗುರುತಿಸುವುದು, ಹೊರಡುವುದು

ಕೆಂಪು ರಕ್ತ ವಾಂತಿಯಾದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ತಪ್ಪಿಸಿಕೊಳ್ಳುವುದು ಉಳಿದೆರಡು ಲಕ್ಷಣಗಳು. ಜಠರದಲ್ಲಿ ಕೆಲಹೊತ್ತು ನಿಂತ ರಕ್ತ ಆಮ್ಲದೊಡನೆ ಸೇರಿ, ಫಿಲ್ಟರ್‌ನಲ್ಲಿ ಉಳಿದ ಕಾಫಿ ಗಸಿಯ ಬಣ್ಣದಲ್ಲಿ ವಾಂತಿಯಾಗುತ್ತದೆ. ಕರುಳಿಗೆ ಇಳಿದ ರಕ್ತ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯ ಮಲವಾಗಿ ಹೋಗುತ್ತದೆ. ಮಲ ಹೀಗೆ ಕಪ್ಪಾಗಲು ಐವತ್ತರಿಂದ ನೂರು ಮಿಲಿಲೀಟರ್ ರಕ್ತ ಸಾಕು. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಅದರಲ್ಲಿ ಆ ಅಂಟು ಮತ್ತು ಕೆಟ್ಟ ವಾಸನೆ ಇರುವುದಿಲ್ಲ. ಕಪ್ಪು ಮಲದ ಜೊತೆ ಎದ್ದು ನಿಂತಾಗ ತಲೆ ಸುತ್ತುವುದು, ತಣ್ಣನೆಯ ಬೆವರು, ಕೂತಲ್ಲೇ ನಾಡಿ ನೂರು ದಾಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಕಾಯುವವರೇ ಹೆಚ್ಚು ಎನ್ನುವುದು ನೋವಿನ ಸಂಗತಿ. ಗ್ಯಾಸ್ಟ್ರಿಕ್ ಇರಬೇಕು ಎಂದು ಒಂದು ಮಾತ್ರೆ, ಉಷ್ಣ ಆಗಿರಬೇಕು ಎಂದು ಎಳನೀರು, ಮಜ್ಜಿಗೆ, ಐಸ್ ನೀರು. ಇವ್ಯಾವುವೂ ಒಡೆದ ನಾಳವನ್ನು ಮುಚ್ಚುವುದಿಲ್ಲ. ಬಾಯಿಗೆ ಏನನ್ನೂ ಹಾಕಬಾರದು ಎಂಬುದಕ್ಕೆ ಗಟ್ಟಿ ಕಾರಣಗಳಿವೆ: ಮಂಪರಿನಲ್ಲಿರುವವರು ಮತ್ತೆ ವಾಂತಿ ಮಾಡಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು, ಎಂಡೋಸ್ಕೋಪಿಯಲ್ಲಿ ರಕ್ತ ಬರುವ ಜಾಗ ಕಾಣದೆ ಹೋಗಬಹುದು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬಾಯಿ ಒರೆಸಿ, 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ ಈ ಆಂಬುಲೆನ್ಸ್ ಸೇವೆ ಉಚಿತ. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ತೀರಾ ಅಪಾಯಕಾರಿ. ರಕ್ತದೊತ್ತಡ ಕುಸಿದವರು ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು.

ಹೊರಡುವ ಮುನ್ನ ಎರಡು ನಿಮಿಷದ ಕೆಲಸವಿದೆ. ಮನೆಯಲ್ಲಿರುವ ಮಾತ್ರೆಗಳ ಎಲ್ಲ ಪಟ್ಟಿಗಳನ್ನೂ ಒಂದು ಚೀಲಕ್ಕೆ ಸುರಿದುಕೊಳ್ಳಬೇಕು, ನಾಟಿ ಔಷಧಿಯ ಪುಡಿ, ಕಷಾಯವೂ ಸೇರಿ. ಹಳೆಯ ಎಂಡೋಸ್ಕೋಪಿ ಅಥವಾ ಸ್ಕ್ಯಾನ್ ವರದಿ ಇದ್ದರೆ ಅದನ್ನೂ ಇಟ್ಟುಕೊಳ್ಳಬೇಕು. ವಾಂತಿಯ, ಮಲದ ಒಂದು ಫೋಟೊ ಫೋನಿನಲ್ಲಿರಲಿ. ಎಷ್ಟು ಹೋಯಿತು, ಯಾವ ಬಣ್ಣ ಎಂದು ವೈದ್ಯರು ಕೇಳಿದಾಗ ಗಾಬರಿಯ ವರ್ಣನೆಗಿಂತ ಅದು ಮೇಲು.

ಯಾವ ಆಸ್ಪತ್ರೆ? ಹಗಲೂ ರಾತ್ರಿಯೂ ಎಂಡೋಸ್ಕೋಪಿ ಮತ್ತು ರಕ್ತನಿಧಿ ಎರಡೂ ಇರುವ ಕಡೆಗೆ, ಅಂದರೆ ಸಾಮಾನ್ಯವಾಗಿ ವೈದ್ಯಕೀಯ ಕಾಲೇಜಿನ ಅಥವಾ ದೊಡ್ಡ ಆಸ್ಪತ್ರೆಗೆ. ಅದು ಎರಡು ಮೂರು ಗಂಟೆಯ ದಾರಿಯಾದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿಸಿ, ಸಲೈನ್ ಮತ್ತು ಮೊದಲ ಚುಚ್ಚುಮದ್ದು ಕೊಡಿಸಿಕೊಂಡು ಮುಂದೆ ಹೋಗುವುದು ಜಾಣತನ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವ ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂರು ಪ್ರಶ್ನೆ, ಮೂರು ಸಂಶೋಧನೆ

ಮೊದಲು ರಕ್ತದ ಬಾಟಲಿಯ ವಿಚಾರ. ಹೋದಷ್ಟು ರಕ್ತವನ್ನು ತುಂಬಬೇಕು ಎಂಬುದು ಎಲ್ಲರಿಗೂ ಸರಿ ಎನಿಸುವ ಲೆಕ್ಕ. ಸ್ಪೇನಿನ ಬಾರ್ಸಿಲೋನಾದ ಸಂತ್ ಪಾವ್ ಆಸ್ಪತ್ರೆಯ ಕ್ಯಾಂಡಿಡ್ ವಿಲ್ಲನ್ವೇವಾ ಮತ್ತು ಸಂಗಡಿಗರು ಈ ಲೆಕ್ಕವನ್ನೇ ಪರೀಕ್ಷೆಗೆ ಒಡ್ಡಿದರು. ತೀವ್ರ ರಕ್ತಸ್ರಾವದೊಂದಿಗೆ ಬಂದ 921 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿದಾಗ ರಕ್ತ ಕೊಟ್ಟರು, ಇನ್ನೊಂದಕ್ಕೆ 7ಕ್ಕಿಂತ ಕೆಳಗಿಳಿದಾಗ ಮಾತ್ರ. 2013ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ತುರ್ತು ಘಟಕಗಳ ಪದ್ಧತಿಯನ್ನೇ ಬದಲಿಸಿತು. ಕಡಿಮೆ ರಕ್ತ ಪಡೆದ ಗುಂಪಿನಲ್ಲಿ ಆರು ವಾರದ ನಂತರ ಶೇ 95 ಮಂದಿ ಬದುಕಿದ್ದರು, ಹೆಚ್ಚು ಪಡೆದ ಗುಂಪಿನಲ್ಲಿ ಶೇ 91. ಮತ್ತೆ ರಕ್ತಸ್ರಾವವಾದದ್ದು ಮೊದಲ ಗುಂಪಿನಲ್ಲಿ ಶೇ 10 ಮಂದಿಗೆ, ಎರಡನೆಯದರಲ್ಲಿ ಶೇ 16. ಮೊದಲ ಗುಂಪಿನ ಅರ್ಧಕ್ಕರ್ಧ ರೋಗಿಗಳಿಗೆ ಒಂದು ಬಾಟಲಿಯೂ ಬೇಕಾಗಲಿಲ್ಲ.

ಕಾರಣ ಸಿರೋಸಿಸ್ ರೋಗಿಗಳಲ್ಲಿ ಚೆನ್ನಾಗಿ ಕಂಡಿತು. ಹೊರಗಿನಿಂದ ರಕ್ತ ತುಂಬಿದಷ್ಟೂ ಪೋರ್ಟಲ್ ನಾಳದ ಒತ್ತಡ ಏರುತ್ತದೆ, ಆಗಷ್ಟೇ ಹೆಪ್ಪುಗಟ್ಟಿದ ಜಾಗ ಮತ್ತೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ‘ಹಿಮೋಗ್ಲೋಬಿನ್ 8 ಇದೆ, ಈಗ ರಕ್ತ ಬೇಡ’ ಎಂದು ವೈದ್ಯರು ಹೇಳಿದರೆ ಅದು ಉದಾಸೀನ ಅಲ್ಲ. ಹೃದ್ರೋಗ ಇರುವವರಿಗೆ ಮಿತಿ ಬೇರೆ. ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತಿರುವವರನ್ನು ಈ ಅಧ್ಯಯನಕ್ಕೆ ಸೇರಿಸಿರಲೇ ಇಲ್ಲ, ಅವರಿಗೆ ಸಂಖ್ಯೆ ನೋಡುತ್ತ ಕೂರದೆ ರಕ್ತ ಕೊಡಲೇಬೇಕು.

ಎರಡನೆಯದು ರಕ್ತ ನಿಲ್ಲುವ ಇಂಜೆಕ್ಷನ್. ಟ್ರಾನೆಕ್ಸಾಮಿಕ್ ಆಮ್ಲ ಅಗ್ಗದ ಔಷಧಿ, ಎಲ್ಲೆಡೆ ಸಿಗುತ್ತದೆ. ಅಪಘಾತದ ಗಾಯಾಳುಗಳಲ್ಲಿ, ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಬೇಗ ಕೊಟ್ಟರೆ ಅದು ಜೀವ ಉಳಿಸುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹೊಟ್ಟೆಯ ರಕ್ತಸ್ರಾವಕ್ಕೂ ಆದೀತು ಎಂಬ ನಿರೀಕ್ಷೆಯಿಂದ 15 ದೇಶಗಳ 164 ಆಸ್ಪತ್ರೆಗಳಲ್ಲಿ 12,009 ರೋಗಿಗಳನ್ನು ಸೇರಿಸಿಕೊಂಡು ನಡೆದದ್ದು ಹಾಲ್ಟ್-ಇಟ್ ಅಧ್ಯಯನ. 2020ರಲ್ಲಿ ಲೆಕ್ಕ ಹೊರಬಿತ್ತು: ಐದು ದಿನದೊಳಗೆ ರಕ್ತಸ್ರಾವದಿಂದ ಸತ್ತವರು ಔಷಧಿ ಪಡೆದವರಲ್ಲೂ ಶೇ 4, ಪಡೆಯದವರಲ್ಲೂ ಶೇ 4. ಲಾಭವಿಲ್ಲ ಎನ್ನುವುದಷ್ಟೇ ಆಗಿದ್ದರೆ ಸರಿಯಿತ್ತು. ಕಾಲಿನ, ಶ್ವಾಸಕೋಶದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಔಷಧಿ ಪಡೆದವರಲ್ಲಿ ಶೇ 0.8, ಉಳಿದವರಲ್ಲಿ ಶೇ 0.4 ಇತ್ತು. ಆದ್ದರಿಂದ ಈ ಇಂಜೆಕ್ಷನ್‌ಗಾಗಿ ಒತ್ತಾಯಿಸುವುದರಲ್ಲಿ ಅರ್ಥವಿಲ್ಲ.

ನಿಜವಾಗಿ ಕೇಳಬೇಕಾದ ಔಷಧಿಗಳು ಬೇರೆ ಇವೆ. ಸಿರೋಸಿಸ್ ಇದೆ ಎಂದು ಮೊದಲೇ ಗೊತ್ತಿದ್ದರೆ ಅಥವಾ ಮದ್ಯದ ಹಿನ್ನೆಲೆ ಇದ್ದರೆ ಅದನ್ನು ಮುಚ್ಚಿಡದೆ ಬಾಗಿಲಲ್ಲೇ ಹೇಳಬೇಕು. ಗೊತ್ತಾದೊಡನೆ, ಎಂಡೋಸ್ಕೋಪಿಗೂ ಮೊದಲೇ, ಪೋರ್ಟಲ್ ಒತ್ತಡ ಇಳಿಸುವ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್ ಶುರುವಾಗಬೇಕು. ಜೊತೆಗೆ ಒಂದು ಆಂಟಿಬಯೋಟಿಕ್, ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್. ರಕ್ತಸ್ರಾವಕ್ಕೆ ಆಂಟಿಬಯೋಟಿಕ್ ಯಾಕೆ ಎಂದು ಆಶ್ಚರ್ಯವಾಗಬಹುದು. ಹೀಗೆ ಬರುವ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಗಲೇ ಸೋಂಕು ಇರುತ್ತದೆ, ಸೋಂಕಿದ್ದಲ್ಲಿ ರಕ್ತ ಮತ್ತೆ ಹರಿಯುವ ಸಂಭವ ಹೆಚ್ಚು. ಈ ಒಂದು ಚುಚ್ಚುಮದ್ದೂ ಜೀವ ಉಳಿಸುತ್ತದೆ, ಇದು ತಾಲ್ಲೂಕು ಆಸ್ಪತ್ರೆಯಲ್ಲೂ ಕೊಡಬಹುದಾದಂಥದ್ದು.

ಮೂರನೆಯದು ಎಂಡೋಸ್ಕೋಪಿಯ ಹೊತ್ತು. ಹಾಂಗ್‌ಕಾಂಗ್‌ನ ಜೇಮ್ಸ್ ಲಾವ್ ತಂಡ ಅಪಾಯ ಹೆಚ್ಚಿದ್ದ 516 ರೋಗಿಗಳಲ್ಲಿ, ತಜ್ಞರಿಗೆ ಕರೆ ಹೋದ ಆರು ಗಂಟೆಯೊಳಗೆ ಎಂಡೋಸ್ಕೋಪಿ ಮಾಡುವುದಕ್ಕೂ ಆರರಿಂದ 24 ಗಂಟೆಯೊಳಗೆ ಮಾಡುವುದಕ್ಕೂ ಏನು ವ್ಯತ್ಯಾಸ ಎಂದು ನೋಡಿತು. 2020ರ ಉತ್ತರ: ಮೂವತ್ತು ದಿನದಲ್ಲಿ ಸತ್ತವರು ಅವಸರದ ಗುಂಪಿನಲ್ಲಿ ಶೇ 8.9, ಕಾದ ಗುಂಪಿನಲ್ಲಿ ಶೇ 6.6. ಅಂತರ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವಲ್ಲ, ಆದರೆ ಅವಸರದಿಂದ ಲಾಭವಿಲ್ಲ ಎಂಬುದು ಖಚಿತವಾಯಿತು. ಸಲೈನ್, ಔಷಧಿಗಳಿಂದ ರೋಗಿಯ ರಕ್ತದೊತ್ತಡ ಮೊದಲು ಸ್ಥಿರವಾಗಬೇಕು, ಕೊಳವೆ ಆಮೇಲೆ. ಚಿಕಿತ್ಸೆ ಕೊಟ್ಟರೂ ರಕ್ತದೊತ್ತಡ ಏರದವರು ಈ ಅಧ್ಯಯನದಲ್ಲಿ ಇರಲಿಲ್ಲ, ಅವರ ವಿಷಯದಲ್ಲಿ ಕಾಯುವಂತಿಲ್ಲ. ವೆರಿಸಿಸ್ ಎಂಬ ಅನುಮಾನವಿದ್ದರೆ 12 ಗಂಟೆಯೊಳಗೆ ಆಗಬೇಕು ಎನ್ನುವುದು ಬವೇನೊ ಮಾರ್ಗಸೂಚಿ. ಇಟಲಿಯ ಬವೇನೊ ಎಂಬ ಸರೋವರದಂಚಿನ ಊರಿನಲ್ಲಿ 1990ರಲ್ಲಿ ಸೇರಿದ ಲಿವರ್ ತಜ್ಞರು ಆರಂಭಿಸಿದ ಈ ಪರಿಪಾಠವೇ ಇಂದು ಎಲ್ಲೆಡೆ ವೆರಿಸಿಸ್ ಚಿಕಿತ್ಸೆಗೆ ಆಧಾರ.

ಎಲ್ಲರನ್ನೂ ದಾಖಲಿಸಿಕೊಳ್ಳಬೇಕಾಗಿಯೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಆಲಿವರ್ ಬ್ಲ್ಯಾಚ್‌ಫೋರ್ಡ್ 2000ದಲ್ಲಿ ರೂಪಿಸಿದ ಅಂಕಪಟ್ಟಿಯೊಂದಿದೆ. ರಕ್ತದ ಯೂರಿಯಾ, ಹಿಮೋಗ್ಲೋಬಿನ್, ರಕ್ತದೊತ್ತಡ, ನಾಡಿ, ಕಪ್ಪು ಮಲ, ಪ್ರಜ್ಞೆ ತಪ್ಪಿದ್ದು, ಲಿವರ್ ಮತ್ತು ಹೃದಯದ ಕಾಯಿಲೆ, ಇಷ್ಟನ್ನು ನೋಡಿ ಅಂಕ ಹಾಕುತ್ತಾರೆ. ಸೊನ್ನೆ ಅಥವಾ ಒಂದು ಬಂದವರು ಮನೆಗೆ ಹೋಗಿ ಹೊರರೋಗಿಯಾಗಿ ತಪಾಸಣೆಗೆ ಬಂದರೆ ಸಾಕು. ‘ಬ್ಲ್ಯಾಚ್‌ಫೋರ್ಡ್ ಅಂಕ ಎಷ್ಟು?’ ಎಂದು ಮನೆಯವರು ಧಾರಾಳವಾಗಿ ಕೇಳಬಹುದು.

ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿರುವವರ ಪ್ರಸಂಗ ಸ್ವಲ್ಪ ಬೇರೆ. ರಕ್ತ ಕಂಡ ಕೂಡಲೇ ಅದನ್ನು ಶಾಶ್ವತವಾಗಿ ಬಿಡಿಸಬೇಕು ಎಂದೇ ಎಲ್ಲರಿಗೂ ತೋಚುತ್ತದೆ. ಹಾಂಗ್‌ಕಾಂಗ್‌ನಲ್ಲೇ ಹುಣ್ಣಿನ ರಕ್ತಸ್ರಾವಕ್ಕೆ ಎಂಡೋಸ್ಕೋಪಿ ಚಿಕಿತ್ಸೆ ಪಡೆದ 156 ಆಸ್ಪಿರಿನ್ ರೋಗಿಗಳ ಅಧ್ಯಯನ 2010ರಲ್ಲಿ ಬಂತು. ಆಸ್ಪಿರಿನ್ ಮುಂದುವರಿಸಿದವರಲ್ಲಿ ಮತ್ತೆ ರಕ್ತ ಬಂದದ್ದು ಹೆಚ್ಚು, ನಿಜ. ಆದರೆ ಎಂಟು ವಾರದೊಳಗೆ ಸತ್ತವರು ಮುಂದುವರಿಸಿದವರಲ್ಲಿ ಶೇ 1.3, ನಿಲ್ಲಿಸಿದವರಲ್ಲಿ ಶೇ 12.9. ಹುಣ್ಣಿನಿಂದ ಪಾರಾದವರನ್ನು ಹೃದಯಾಘಾತ, ಪಾರ್ಶ್ವವಾಯು ಕೊಂಡೊಯ್ಯಬಹುದು. ಆದ್ದರಿಂದ ಡಿಸ್ಚಾರ್ಜ್ ಆಗುವ ಮುನ್ನ ‘ಆಸ್ಪಿರಿನ್ ಯಾವ ದಿನದಿಂದ ಮತ್ತೆ ಶುರು ಮಾಡಬೇಕು?’ ಎಂದು ಕೇಳಿ ಬರೆಸಿಕೊಳ್ಳಲೇಬೇಕು.

ರಕ್ತ ನಿಂತ ಮೇಲೆ

ಅನ್ನನಾಳದ ವೆರಿಸಿಸ್‌ಗೆ ಎಂಡೋಸ್ಕೋಪ್ ಕೊಳವೆಯ ತುದಿಯಿಂದ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಈ ಕ್ಷೇತ್ರದಲ್ಲಿ ಭಾರತದ ಕೊಡುಗೆ ದೊಡ್ಡದು. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಶಿವಕುಮಾರ್ ಸರಿನ್ ತಂಡ ದೊಡ್ಡ ವೆರಿಸಿಸ್ ಇದ್ದ, ಆದರೆ ಇನ್ನೂ ರಕ್ತ ಬಂದಿರದ 89 ರೋಗಿಗಳಲ್ಲಿ ಪ್ರೊಪ್ರನೊಲಾಲ್ ಮಾತ್ರೆಯನ್ನೂ ಬ್ಯಾಂಡನ್ನೂ ಹೋಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಹದಿನೆಂಟು ತಿಂಗಳಲ್ಲಿ ರಕ್ತಸ್ರಾವದ ಸಂಭವ ಮಾತ್ರೆಯ ಗುಂಪಿನಲ್ಲಿ ಶೇ 43, ಬ್ಯಾಂಡಿನ ಗುಂಪಿನಲ್ಲಿ ಶೇ 15. ಜಠರದ ವೆರಿಸಿಸ್‌ಗಳನ್ನು ವಿಂಗಡಿಸಲು ಜಗತ್ತಿನಾದ್ಯಂತ ಬಳಸುವ ಪದ್ಧತಿಗೂ ಸರಿನ್ ಅವರದೇ ಹೆಸರು.

ಒಮ್ಮೆ ಬ್ಯಾಂಡ್ ಹಾಕಿದರೆ ಮುಗಿಯಿತು ಎಂದುಕೊಳ್ಳುವುದೇ ಮುಂದಿನ ರಕ್ತವಾಂತಿಗೆ ದಾರಿ. ಎಲ್ಲ ಉಬ್ಬುನಾಳಗಳೂ ಮಾಯವಾಗುವವರೆಗೆ ಕೆಲವು ವಾರಗಳಿಗೊಮ್ಮೆ ಮತ್ತೆ ಬರಬೇಕು. ಜೊತೆಗೆ ಕೊಡುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆ ಎನ್ನುತ್ತಾರೆ. ‘ನಂಗೆ ಬಿಪಿ ಇಲ್ಲವಲ್ಲ’ ಎಂದು ಬಿಟ್ಟವರು ಎಷ್ಟೋ ಮಂದಿ. ಅದು ತೋಳಿನ ಬಿಪಿಗಾಗಿ ಅಲ್ಲ, ಪೋರ್ಟಲ್ ನಾಳದ ಒತ್ತಡಕ್ಕಾಗಿ. ಸ್ಪೇನಿನ ಎಂಟು ಆಸ್ಪತ್ರೆಗಳಲ್ಲಿ 201 ಸಿರೋಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಾತ್ರೆ ಪಡೆದವರಲ್ಲಿ ಹೊಟ್ಟೆಗೆ ನೀರು ತುಂಬುವುದು, ರಕ್ತಸ್ರಾವ, ಮೆದುಳಿನ ಮಂಕು ಅಥವಾ ಸಾವು ಕಂಡದ್ದು ಶೇ 16ರಲ್ಲಿ, ಪಡೆಯದವರಲ್ಲಿ ಶೇ 27ರಲ್ಲಿ. ತಲೆಸುತ್ತು ಬಂದರೆ ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಬಹುದು, ತಾವೇ ನಿಲ್ಲಿಸಬಾರದು.

ಮೆದುಳಿನ ಮಂಕು ಮನೆಯವರಷ್ಟೇ ಬೇಗ ಗುರುತಿಸಬಲ್ಲ ಲಕ್ಷಣ. ರಾತ್ರಿ ಎಚ್ಚರ ಹಗಲು ನಿದ್ದೆ, ಚಾಚಿದ ಕೈ ಪಟಪಟ ಅಲುಗುವುದು, ಗೊತ್ತಿರುವ ಹೆಸರು ಮರೆಯುವುದು, ಇದ್ದಕ್ಕಿದ್ದಂತೆ ಸಿಡುಕುವುದು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಸೋತ ಲಿವರ್ ತೆಗೆಯಲಾರದ್ದರಿಂದ ಹೀಗಾಗುತ್ತದೆ. ರಕ್ತಸ್ರಾವ, ಮಲಬದ್ಧತೆ, ಸೋಂಕು ಇದನ್ನು ಕೆರಳಿಸುತ್ತವೆ. ನಿದ್ದೆ ಬರಲೆಂದು ನಿದ್ರೆ ಮಾತ್ರೆ ಕೊಟ್ಟರೆ ಕೋಮಾಗೆ ನೂಕಿದಂತಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಮೆದುವಾಗಿ ಮಲವಿಸರ್ಜನೆಯಾಗುವಷ್ಟು ಲ್ಯಾಕ್ಟುಲೋಸ್ ಸಿರಪ್ ಕೊಡುವುದೇ ಸರಳ ಉಪಾಯ. ಪಂತ್ ಆಸ್ಪತ್ರೆಯ ಬರ್ಜೇಶ್ ಚಂದರ್ ಶರ್ಮಾ ತಂಡ 2009ರಲ್ಲಿ ತೋರಿಸಿದಂತೆ, ಒಮ್ಮೆ ಮಂಕು ಬಂದು ಚೇತರಿಸಿಕೊಂಡವರಲ್ಲಿ ಅದು ಮರುಕಳಿಸಿದ್ದು ಲ್ಯಾಕ್ಟುಲೋಸ್ ಪಡೆದವರಲ್ಲಿ ಸುಮಾರು ಶೇ 20, ಪಡೆಯದವರಲ್ಲಿ ಶೇ 47.

ಕಾಮಾಲೆಯ ಪಥ್ಯವೆಂದು ತಿಂಗಳುಗಟ್ಟಲೆ ಬರೀ ಗಂಜಿ ಕೊಡುವ ರೂಢಿ ಸಿರೋಸಿಸ್ ರೋಗಿಯ ಸ್ನಾಯುವನ್ನೇ ಕರಗಿಸುತ್ತದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು: ಬೇಳೆ, ಮೊಸರು, ಮೊಳಕೆಕಾಳು, ತಿನ್ನುವವರಿಗೆ ಮೊಟ್ಟೆ. ಹೊಟ್ಟೆಗೆ ನೀರು ತುಂಬಿದ್ದರೆ ಉಪ್ಪು ಮಾತ್ರ ಇಳಿಸಬೇಕು. ಮಲಗುವ ಮುನ್ನ ಒಂದಿಷ್ಟು ತಿಂದರೆ ಇನ್ನೂ ಒಳ್ಳೆಯದು.

ಕಾಮಾಲೆಗೆ ನಾಟಿ ಮದ್ದೆಂದು ಕೊಡುವ ನೆಲನೆಲ್ಲಿಯ ಮಾತೂ ಇಲ್ಲಿ ಬರಲೇಬೇಕು. 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ತಂಡ, ನೆಲನೆಲ್ಲಿ ಪುಡಿ ಪಡೆದ 37 ಹೆಪಟೈಟಿಸ್ ಬಿ ವಾಹಕರಲ್ಲಿ ಶೇ 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೇ ಕಣ್ಣರಳಿಸಿತ್ತು. ನಂತರ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಆ ಫಲ ಸಿಗಲಿಲ್ಲ. ಒಂದು ಸಣ್ಣ ಅಧ್ಯಯನದ ಭರವಸೆ ಎರಡನೆಯದರಲ್ಲೂ ನಿಲ್ಲಬೇಕು, ಸಂಶೋಧನೆಯ ಶಿಸ್ತು ಇದೇ. ಹೆಪಟೈಟಿಸ್ ಎ ಕಾಮಾಲೆ ಬಹುತೇಕ ತಾನಾಗಿ ವಾಸಿಯಾಗುವುದರಿಂದ ಆ ವಾರ ಕುಡಿದ ಯಾವುದೇ ಕಷಾಯಕ್ಕೆ ಕೀರ್ತಿ ಸಲ್ಲುತ್ತದೆ. ಆದರೆ ಕಾಮಾಲೆಯ ಜೊತೆ ಮಂಪರು ಅಥವಾ ಮೂಗು, ವಸಡಿನಿಂದ ರಕ್ತ ಕಂಡರೆ ನಾಟಿ ಔಷಧಿ ಕೊಡುವ ಊರುಗಳಿಗೆ ಬಸ್ಸು ಹತ್ತದೆ ಆಸ್ಪತ್ರೆಗೇ ಹೋಗಬೇಕು.

ಮೇಲೆ ಹೇಳಿದ ಅಂಕಿಗಳೆಲ್ಲ ಬಂದದ್ದು ತಮ್ಮ ಕಷ್ಟದ ಗಳಿಗೆಯಲ್ಲೂ ‘ಸೇರುತ್ತೇವೆ’ ಎಂದ ರೋಗಿಗಳಿಂದ. ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರುತ್ತೀರಾ ಎಂಬ ಪ್ರಶ್ನೆ ಯಾರಿಗಾದರೂ ಎದುರಾಗಬಹುದು. ಹೆದರಬೇಕಿಲ್ಲ, ವಿವರ ಕೇಳಬೇಕು. ಅಧ್ಯಯನವು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? 2007ರಲ್ಲಿ ಆರಂಭವಾದ ಈ ನೋಂದಣಿ 2009ರ ಜೂನ್‌ನಿಂದ ಔಷಧಿ ಪರೀಕ್ಷೆಗಳಿಗೆ ಕಡ್ಡಾಯ, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಮಾಹಿತಿ ಪತ್ರ ಕನ್ನಡದಲ್ಲಿದೆಯೇ? ಮಾಮೂಲಿ ಚಿಕಿತ್ಸೆಯ ಮೇಲೆ ಇದನ್ನು ಸೇರಿಸುತ್ತಾರೋ, ಅದರ ಬದಲಿಗೆ ಕೊಡುತ್ತಾರೋ? ಹಾಲ್ಟ್-ಇಟ್‌ನಲ್ಲಿ ಹುಸಿ ಔಷಧಿ ಪಡೆದವರಿಗೂ ಉಳಿದೆಲ್ಲ ಚಿಕಿತ್ಸೆ ಸಿಕ್ಕಿತ್ತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಎರಡೂ ರೋಗಿಯ ಹಕ್ಕು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಮಾಡಬಹುದು. ಬೇಡವೆಂದರೂ, ನಡುವೆ ಹಿಂದೆ ಸರಿದರೂ, ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆಯಾಗಬಾರದು.

ಇನ್ನು ಮನೆಗೆ ಮರಳಿದವರ ಪಟ್ಟಿಯಲ್ಲಿ ಉಳಿಯುವುದು ಎರಡು ಪರೀಕ್ಷೆ. ಹುಣ್ಣಿದ್ದವರಿಗೆ ಹೆಲಿಕೋಬ್ಯಾಕ್ಟರ್ ಪರೀಕ್ಷೆ. ರಕ್ತ ಹರಿಯುತ್ತಿರುವಾಗ ಮಾಡಿದ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ಅದು ತಪ್ಪಿರಬಹುದು, ಕೆಲ ವಾರಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಸಿರೋಸಿಸ್ ಇದ್ದವರಿಗೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರಗಳಲ್ಲಿ ಎರಡಕ್ಕೂ ತಪಾಸಣೆ, ಔಷಧಿ ಉಚಿತ. ಹೆಪಟೈಟಿಸ್ ಸಿ ಈಗ ಹೆಚ್ಚಿನವರಲ್ಲಿ ಮೂರು ತಿಂಗಳ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದೆ. ರೋಗಿಗೆ ಹೆಪಟೈಟಿಸ್ ಬಿ ಇದೆ ಎಂದಾದರೆ ಅದೇ ವಾರ ಮನೆಯವರೆಲ್ಲರ ರಕ್ತವನ್ನೂ ಪರೀಕ್ಷಿಸಿ, ಸೋಂಕಿಲ್ಲದವರಿಗೆ ಮೂರು ಡೋಸಿನ ಲಸಿಕೆ ಹಾಕಿಸಬೇಕು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ.